ಅಣ್ಣನದೆಂದು ತೆಗೆದಿಟ್ಟ ಹಲ್ಲು

ನಮ್ಮ ಪರೀಕ್ಷಾಲಯದಲ್ಲಿ ಆಕೆಗೆ ಹಲ್ಲಕ್ಕ ಅಂತಲೇ ಹೆಸರು. ಗುರುತು ಸಿಗದ ಹೆಣದ ಹಲ್ಲು ನೋಡಿ ವಯಸ್ಸು ಹೇಳೋದು ಆಕೆಯ ಕೆಲಸ, ಫೋಟೋ ತೆಗೆಯೋದು ನನ್ನದು. ಹೊಸದಾಗಿ ಬಂದವರು ಎದುರಿಗೆ ನಿಂತು ಹಲ್ಲು ಕಿರಿದು, ನನ್ನ ವಯಸ್ಸೆಷ್ಟು ಹೇಳಿ ನೋಡೋಣ ಅನ್ನೋರು. ಹಾಗೆಲ್ಲ ಗೊತ್ತಾಗಲ್ಲಪ್ಪ, ಕಿತ್ತುಕೊಡು ಹೇಳ್ತೀನಿ ಅಂತ ಅಕ್ಕ ಇಕ್ಕಳ ಎತ್ತಿಕೊಂಡರೆ ಬಾಯಿ ಮುಚ್ಚಿಕೊಂಡು ಜಾಗ ಖಾಲಿ ಮಾಡೋರು.

ವಿಷಯ ಇರೋದು ಬೇರಿನಲ್ಲಿ. ವಯಸ್ಸಾಗ್ತಾ ಆಗ್ತಾ ಹಲ್ಲಿನ ಬೇರು ತುದಿಯಿಂದ ಮೇಲಕ್ಕೆ ಗಾಜಿನ ಹಾಗಾಗುತ್ತೆ. ದೀಪದ ಪೆಟ್ಟಿಗೆ ಮೇಲಿಟ್ಟರೆ ಅಷ್ಟು ಭಾಗದಲ್ಲಿ ಬೆಳಕು ಹಾಯುತ್ತೆ. ಅದನ್ನೂ, ವಸಡು ಇಳಿದ ಗುರುತನ್ನೂ ಅಳೆದು ವಯಸ್ಸು ಹೇಳ್ತಾರೆ. ಹತ್ತು ವರ್ಷ ಆಚೆ ಈಚೆ ಆಗಬಹುದು, ಅದನ್ನೂ ಅಕ್ಕ ಮುಚ್ಚುಮರೆ ಇಲ್ಲದೆ ಹೇಳೋಳು.

ಆಕೆಯ ಅಣ್ಣ ಐವತ್ತೈದು ದಾಟಿದ ಮೇಲೆ ಹೊಳೆಪಾಲಾದ. ಕಾರ್ಖಾನೆಯವರನ್ನು ದಾಟಿಸೋ ದೋಣಿ ಮಗುಚಿತು. ಕೆಲವರು ಈಜಿ ಬಂದರು, ಕೆಲವರು ಬರಲಿಲ್ಲ. ತುಂಬಾ ದಿನದ ಮೇಲೆ ಒಂದೇ ಒಂದು ಹೆಣ ಸಿಕ್ಕಿತು. ಮುಖ ಉಳಿದಿರಲಿಲ್ಲ, ಮೈಮೇಲೆ ಕಾರ್ಖಾನೆಯ ನೀಲಿ ಅಂಗಿ ಇತ್ತು. ಅಕ್ಕ ನೋಡಿದವಳೇ ಅಣ್ಣಾ ಅಂತ ಕುಸಿದಳು. ನಮ್ಮವಳೇ ಗುರುತು ಹಿಡಿದ ಮೇಲೆ ಪರೀಕ್ಷೆ ಬೇರೆ ಯಾಕೆ ಅಂತ ಡಾಕ್ಟರೂ ಸುಮ್ಮನಾದರು. ಊರಿಗೆಲ್ಲ ಬುದ್ಧಿ ಹೇಳೋ ನಾವು ನಮ್ಮ ಹೊಸ್ತಿಲಲ್ಲೇ ಎಡವಿದೆವು, ಥೂ. ನಮ್ಮ ರೂಢಿಯಂತೆ ಒಂದು ಹಲ್ಲು ತೆಗೆದಿಟ್ಟು ಹೆಣ ಕೊಟ್ಟರು. ಮಣ್ಣು ಮಾಡಿದ್ದಾಯ್ತು. ಅತ್ತಿಗೆ ಅತ್ತೂ ಅತ್ತೂ ಹೇಗೋ ಸಮಾಧಾನಕ್ಕೆ ಬಂದರು.

ಮೊನ್ನೆ ಅಕ್ಕನ ಅಳತೆ ಸರಿಯಿದೆಯಾ ಅನ್ನೋ ಪರೀಕ್ಷೆ ಇತ್ತು. ವಯಸ್ಸು ಗೊತ್ತಿರೋ ಹಲ್ಲುಗಳನ್ನ ನಾನು ಯಾರದು ಅಂತ ಹೇಳದೆ ಕೊಡಬೇಕು, ಆಕೆ ಅಳೆದು ಹೇಳಬೇಕು. ನಮ್ಮಣ್ಣಂದೂ ಸೇರಿಸು, ಹೋದವನು ಒಂದು ಉಪಯೋಗಕ್ಕಾದರೂ ಬರಲಿ ಅಂತ ಅವಳೇ ಹೇಳಿದ್ದಳು. ಸೇರಿಸಿದ್ದೆ.

ಎಲ್ಲಾ ಹತ್ತಿರ ಹತ್ತಿರ ಹೇಳ್ತಾ ಬಂದಳು. ಆ ಹಲ್ಲು ಬಂತು.

"ಇದು ಎಳೇದು. ಮೂವತ್ತೂ ಆಗಿರಲಿಕ್ಕಿಲ್ಲ ಪಾಪ," ಅಂದು ಪಕ್ಕಕ್ಕಿಟ್ಟಳು.

ನಾನು ನನ್ನ ಪಟ್ಟಿ ಇನ್ನೊಮ್ಮೆ ನೋಡಿಕೊಂಡೆ. ಇನ್ನೊಂದು ಸಲ ನೋಡಕ್ಕ ಅಂದೆ. ನೋಡಿದಳು. ಬೆಳಕು ಉಗುರಂಚಿನಷ್ಟೂ ಹಾಯ್ತಿಲ್ಲ, ಹತ್ತು ವರ್ಷ ಕೂಡಿಸಿದರೂ ನಲವತ್ತು ದಾಟಲ್ಲ, ನಿನಗೇನು ಬಂತೋ ಅಂತ ನನ್ನನ್ನೇ ಗದರಿದಳು.

"ಅದು ನಿಮ್ಮಣ್ಣಂದು ಅಕ್ಕಾ."

ಅದಲುಬದಲಾಯ್ತೇನೋ ಅಂತ ಡಬ್ಬಿ ಕೇಳಿದಳು. ಅವಳೇ ಅರಗು ಹಾಕಿ ಮುಚ್ಚಿದ್ದ ಡಬ್ಬಿ, ಬೆಳಗ್ಗೆ ನಾನೇ ಒಡೆದಿದ್ದೆ. ಮತ್ತೆ ಅಳೆದಳು. ಅಳತೆ ಮೊದಲಿನಷ್ಟೇ ಬಂತು. ಎದೆ ಧಸಕ್ಕೆನ್ನೋದು ಅಂತ ಬರೀ ಕೇಳಿದ್ದೆ, ಅವತ್ತು ಒಬ್ಬರ ಮುಖದಲ್ಲಿ ಕಣ್ಣಾರೆ ಕಂಡೆ.

ಅತ್ತಿಗೆ ಮನೆಗೆ ಇಬ್ಬರೂ ಹೋದೆವು. ಅವರು ಬಟಾಣಿ ಬಿಡಿಸ್ತಾ ಕೂತಿದ್ದರು. ಹೇಳಿದ್ದು ಕೇಳಿ, "ಹಾಗಾದ್ರೆ ಇದ್ದಾರಾ?" ಅಂದರು. ಆ ಕಣ್ಣನ್ನ ನೋಡೋಕಾಗಲಿಲ್ಲ ನನಗೆ.

"ಗೊತ್ತಿಲ್ಲ ಅತ್ತಿಗೆ. ನಾವು ಮಣ್ಣು ಮಾಡಿದ್ದು ಅವನನ್ನಲ್ಲ, ಅಷ್ಟೇ ಗೊತ್ತು," ಅಂದಳು ಅಕ್ಕ.

ಮತ್ತೆ ಯಾರನ್ನ ಅಂತ ಅತ್ತಿಗೆ ಕೇಳಿದರು. ಅಕ್ಕ ಗೋಡೆ ಹಿಡಿದು ಕೂತು, ಆಗ ಹೇಳಿದಳು. ಹೆಣ ಸಿಕ್ಕ ದಿನ ಒಬ್ಬ ಹೆಂಗಸು ಬಂದಿದ್ದಳಂತೆ. ಅದೇ ಕಾರ್ಖಾನೆಗೆ ಹೊಸದಾಗಿ ಸೇರಿದ್ದ ಮಗ ಅದೇ ದೋಣಿಯಲ್ಲಿದ್ದನಂತೆ. ಒಂದು ಸಲ ನೋಡ್ತೀನಿ ಅಂತ ಬೇಡಿಕೊಂಡಳಂತೆ. ಇದು ನನ್ನ ಅಣ್ಣ, ನಿಮ್ಮ ಹುಡುಗ ಎಲ್ಲೋ ಈಜಿ ದಡ ಸೇರಿರ್ತಾನೆ, ಧೈರ್ಯವಾಗಿ ಮನೆಗೆ ಹೋಗಿ ಅಂತ ಅಕ್ಕನೇ ಶವಾಗಾರದ ಬಾಗಿಲಲ್ಲಿ ತಡೆದು ಕಳಿಸಿದ್ದಳು.

"ನಿನ್ನ ಬಾಯಿಗೆ ಸಕ್ಕರೆ ಹಾಕ ಅಂತ ಕೆನ್ನೆ ಸವರಿ ಹೋದಳು ಅತ್ತಿಗೆ. ನಗ್ತಾ ಹೋದಳು."

ಅತ್ತಿಗೆ ಬಟಾಣಿ ಪಕ್ಕಕ್ಕೆ ಸರಿಸಿದರು. ತಮ್ಮ ಗಂಡನ ಸುದ್ದಿ ಮತ್ತೆ ಕೇಳಲಿಲ್ಲ. ಎದ್ದು ಚಪ್ಪಲಿ ಮೆಟ್ಟಿಕೊಂಡು, ಕಾರ್ಖಾನೆಯಲ್ಲಿ ವಿಳಾಸ ಸಿಗುತ್ತೆ ನಡಿ ಅಂದರು. ಸಿಕ್ಕಿತು. ಬೀದಿಯ ಕೊನೆಯಲ್ಲಿ ಒಂದು ಹಂಚಿನ ಮನೆ. ಅಕ್ಕ ಹಿಂದೆ ಸರಿದಳು, ಅತ್ತಿಗೆ ಅವಳ ರಟ್ಟೆ ಹಿಡಿದುಕೊಂಡೇ ಬಾಗಿಲು ತಟ್ಟಿದರು.

ಬಾಗಿಲು ತೆಗೆದ ಹೆಂಗಸು ಹಲ್ಲಕ್ಕನ್ನ ನೋಡಿದ ಕೂಡಲೇ ಗುರುತು ಹಿಡಿದಳು. ಮುಖ ಅರಳಿತು. ಎರಡೂ ಕೈ ಹಿಡಿದುಕೊಂಡಳು.

"ಬಾಮ್ಮಾ ಒಳಗೆ. ನನ್ನ ಮಗ ಎಲ್ಲಿದ್ದಾನೆ ಅಂತ ತಿಳೀತಾ?"