ಉಡಚವ್ವ ಬೈದ ಉಳ್ಳಾಗಡ್ಡಿ

ಅಡರಕಟ್ಟಿಯ ಉಡಚವ್ವನ ಹಿತ್ತಲಿನಲ್ಲಿ ಬೆಳೆಯುತ್ತಿದ್ದ ಉಳ್ಳಾಗಡ್ಡಿ ತಪ್ಪಲಿನ, ಅಂದರೆ ಎಳೆ ಈರುಳ್ಳಿ ಸೊಪ್ಪಿನ, ಬುಡ ಎಲೆ ಅಡಿಕೆ ಮೆದ್ದವರ ನಾಲಿಗೆಯಷ್ಟು ಕೆಂಪಗಿರುತ್ತಿತ್ತು. ಇದಕ್ಕೆ ಕಾರಣ ಮಣ್ಣಲ್ಲ, ಗೊಬ್ಬರವಲ್ಲ, ಆಕೆಯ ಬಾಯಿ ಎಂಬುದನ್ನು ಊರಿಗೆ ಊರೇ ಒಪ್ಪಿಕೊಂಡಿತ್ತು. ಗಡ್ಡೆ ಊರುವಾಗ ಬೈಯಬೇಕು. ಬೈಸಿಕೊಂಡ ಗಡ್ಡೆ ಸಿಟ್ಟಿಗೆದ್ದು ಕೆಂಪಾಗುತ್ತದೆ. ಇದು ಆಕೆಯ ಅತ್ತೆಯಿಂದ ಬಂದ ಶಾಸ್ತ್ರ. ಬೈಯದೆ ಊರಿ ನೋಡಿದವರು ಯಾರೂ ಇರಲಿಲ್ಲವಾದ್ದರಿಂದ ಅದಕ್ಕೆ ಎಂದೂ ಭಂಗ ಬಂದಿರಲಿಲ್ಲ. ಬಹಳಷ್ಟು ಶಾಸ್ತ್ರಗಳ ಆಯುಷ್ಯ ಗಟ್ಟಿಯಾಗಿರುವುದು ಹೀಗೆಯೇ.

ಬಚ್ಚಲ ನೀರು ಹರಿದುಬರುವ ಮಡಿಯಲ್ಲಿ ಮೊಳಕೆಯೊಡೆದ ಸಣ್ಣ ಗಡ್ಡೆಗಳನ್ನು ಊರಿ, ಮೇಲೆ ಒಲೆಯ ಬೂದಿ ಚೆಲ್ಲುತ್ತ, ಆಕೆ ಪ್ರತಿಯೊಂದಕ್ಕೂ ಬೇರೆ ಬೇರೆ ಬೈಗುಳ ಕೊಡುತ್ತಿದ್ದಳು. ಒಂದಕ್ಕೆ ಬೈದದ್ದನ್ನೇ ಇನ್ನೊಂದಕ್ಕೆ ಬೈದರೆ ಎರಡೂ ಬಿಳಿಚುತ್ತವಂತೆ. ದೀಪಾವಳಿ ಹತ್ತಿರ ಬಂತೆಂದರೆ ನೆರೆಹೊರೆಯವರೂ ಆಕೆಯನ್ನು ಕರೆದೊಯ್ಯುತ್ತಿದ್ದರು. ಊರುವವರು ಅವರು, ಬೈಯುವವಳು ಈಕೆ. ಕೂರಲು ಕಂಬಳಿ, ಬಾಯಿ ಒಣಗಿದರೆ ಮಜ್ಜಿಗೆ. ಮನೆಗೆ ಬಂದ ಸ್ವಾಮಿಗಳಿಗೂ ಅಷ್ಟು ಉಪಚಾರ ಇರುತ್ತಿರಲಿಲ್ಲ.

ಉಳಿದ ದಿನಗಳಲ್ಲಿ ಅದೇ ಬಾಯಿಗೆ ಗುರಿಯಾಗುತ್ತಿದ್ದವನು ಗಂಡ ಮುದಕಪ್ಪ. ಗಂಡನನ್ನು ಬೈಯುವಾಗಲೂ ಆಕೆ ಬಹುವಚನ ಬಿಡುತ್ತಿರಲಿಲ್ಲ. ಮದುವೆಯಾದಂದಿನಿಂದ ಅವನು ಒಂದಕ್ಕೂ ಎದುರಾಡಿದವನಲ್ಲ.

ಕನ್ನಡ ನಾಡು ಒಂದಾಗಬೇಕೆಂಬ ಕೂಗು ಜೋರಾಗಿದ್ದ ಕಾಲ ಅದು. ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಸಭೆ ಸೇರಿತ್ತು. ಏಕೀಕರಣವಾಗುವವರೆಗೆ ಒಬ್ಬ ಚಹಾ ಬಿಟ್ಟ, ಇನ್ನೊಬ್ಬ ಕಾಲಿಗೆ ಚಪ್ಪಲಿ ಮೆಟ್ಟುವುದನ್ನು ಬಿಟ್ಟ. ಭಾಷಣ ಮಾಡುತ್ತಿದ್ದ ಊರಿನ ತರುಣನೊಬ್ಬ ಉಡಚವ್ವನತ್ತ ತಿರುಗಿ, ನೀನೇನು ಬಿಡುತ್ತೀ ಎಂದು ಕೆಣಕಿದ. ಆಕೆ ಸಂಸ್ಥಾನದ ಕಾರಭಾರ ಕಂಡವಳು, ಅದು ಹೋದ ಮೇಲೆ ಬಂದ ಮುಂಬೈ ಸರಕಾರವನ್ನೂ ಕಂಡವಳು. ಸರಕಾರವೊಂದು ಹೇಳಿದ ಕೆಲಸವನ್ನು ಮಾಡಿ ಮುಗಿಸಿದ್ದನ್ನು ಮಾತ್ರ ಕಂಡಿರಲಿಲ್ಲ. ಆ ಧೈರ್ಯದ ಮೇಲೆ ಎದ್ದು ನಿಂತಳು.

“ನೀವೆಲ್ಲ ಆಗೂಮಟ ಬಿಡ್ತೀರಿ. ನಾ ಆದಮ್ಯಾಲೆ ಬಿಡ್ತೇನಿ. ನಾಡು ಒಂದಾತಂದ್ರ ಅವತ್ತಿನಿಂದ ಬೈಗುಳ ಬಿಟ್ಟೆ. ಹನುಮಪ್ಪನ ಆಣಿ.”

ಸಭೆ ನಕ್ಕಿತು. ಐವತ್ತಾರರ ನವೆಂಬರ್ ಒಂದರಂದು ನಾಡು ಒಂದಾಗಿಯೇಬಿಟ್ಟಿತು. ಮರುದಿನವೇ ದೀಪಾವಳಿ ಅಮಾವಾಸ್ಯೆ, ಗಡ್ಡೆ ಊರುವ ದಿನ.

ಇಡೀ ಊರು ಸಂಭ್ರಮಿಸುತ್ತಿದ್ದಾಗ ಉಡಚವ್ವ ಮಡಿಯ ಮುಂದೆ ಬಾಯಿ ಮುಚ್ಚಿ ಕುಳಿತಿದ್ದಳು. ಆಣೆ ಮುರಿಯುವಂತಿಲ್ಲ, ಹನುಮಪ್ಪ ಸರಕಾರವಲ್ಲ. ಎರಡು ತಿಂಗಳಿಗೆ ಎಳ್ಳ ಅಮಾವಾಸ್ಯೆ, ತಪ್ಪಲು ಕೀಳುವ ಹಬ್ಬ; ಅಂದು ಕಳಸಾಪುರದಿಂದ ಬೀಗತಿ ಸುಮಿತ್ರವ್ವ ಬರುವವಳು. ಉಳ್ಳಾಗಡ್ಡಿ ಕೆಂಪಾಗುವುದು ಬೀಜದ ಗುಣದಿಂದ, ಬಾಯಿಯಿಂದಲ್ಲ ಎಂದು ವರ್ಷವರ್ಷವೂ ಇದೇ ಮನೆಯ ರೊಟ್ಟಿ ಮುರಿಯುತ್ತ ಹೇಳಿಹೋಗುತ್ತಿದ್ದ ನಾಸ್ತಿಕಳು ಆಕೆಯೊಬ್ಬಳೇ. ಬೈಯದೆ ಊರಿದ್ದು ಬಿಳಿಚಿದರೆ ತಾಟಿನ ಮರ್ಯಾದೆ ಹೋಗುತ್ತದೆ. ಬಿಳಿಚದಿದ್ದರೆ ಇನ್ನೂ ಕೆಡುಕು: ಇಷ್ಟು ವರ್ಷದ ಬಾಯಿ ನೀರಿನಲ್ಲಿ ಹೋಮ ಮಾಡಿದಂತೆ.

ಮೊದಲು ಸೊಸೆ ರೇಣುಕವ್ವನನ್ನು ಕೂರಿಸಿದಳು. ಸುಮಿತ್ರವ್ವನ ಮಗಳಾದ ಆ ಸಾಧ್ವಿ ಬಹಳ ಹೊತ್ತು ಯೋಚಿಸಿ, ಗಡ್ಡೆಯೊಂದಕ್ಕೆ, ನೀನು ಬಹಳ ಕೆಟ್ಟವಳು ಎಂದು ಹೇಳಿ, ತಕ್ಷಣ ಕೆನ್ನೆ ಬಡಿದುಕೊಂಡು ಒಳಗೆ ಓಡಿದಳು. ಇದರಿಂದ ಕೆಂಪಾದದ್ದು ರೇಣುಕವ್ವ ಮಾತ್ರ.

ಕೊಟ್ಟಿಗೆಯ ಕಟ್ಟೆಯ ಮೇಲೆ ಕುಳಿತಿದ್ದ ಮುದಕಪ್ಪ ಆಗ ಎದ್ದು ಬಂದ. ರುಮಾಲು ಬಿಚ್ಚಿ ಪಕ್ಕಕ್ಕಿಟ್ಟ, ಗಂಟಲು ಸರಿಪಡಿಸಿಕೊಂಡ.

“ನಿಮ್ಮ ಬಾಯಾಗ ಮಣ್ಣ ಬೀಳಲ್ರಿ,” ಎಂದು ಮೊದಲ ಗಡ್ಡೆಗೆ ಹೇಳಿದ. “ನಿಮ್ಮ ಮಾರಿಗೆ ಬೆಂಕಿ ಹತ್ತಲ್ರಿ,” ಎಂದು ಎರಡನೆಯದಕ್ಕೆ.

ಕಲಿತದ್ದೇ ಹಾಗೆ, ಬಹುವಚನದಲ್ಲಿ. ಒಂದೂ ಮರೆತಿರಲಿಲ್ಲ, ಒಂದನ್ನೂ ಎರಡು ಬಾರಿ ಹೇಳಲಿಲ್ಲ. ಉಡಚವ್ವ ತಾನೇ ಮರೆತುಬಿಟ್ಟಿದ್ದವೂ ಅದರಲ್ಲಿದ್ದವು. ಬೈಯುವಾಗ ಅವನ ಕಣ್ಣು ಗಡ್ಡೆಯ ಮೇಲಿರಲಿಲ್ಲ, ಹೆಂಡತಿಯ ಮೇಲಿತ್ತು. ಆಕೆ ತಲೆ ತಗ್ಗಿಸಿ ಊರುತ್ತ ಹೋದಳು. ಕೊಟ್ಟಿಗೆಯ ಗೋಡೆಯ ಪಕ್ಕದ ಅರ್ಧ ಮಡಿ ಮುಗಿದಿತ್ತು. ಅಷ್ಟರಲ್ಲಿ ಗುಡಿಯ ಕಡೆ ಹಲಗೆಯ ಸದ್ದು ಮೊಳಗಿತು, ಪೇಢೆ ಹಂಚುತ್ತಿದ್ದಾರೆಂದು ಯಾರೋ ಕೂಗಿದರು. ಮುದಕಪ್ಪ ರುಮಾಲು ಕೂಡ ಮರೆತು ಎದ್ದು ಓಡಿದ. ಅವನಿಗೆ ಕಾಯುತ್ತ ಕೂತರೆ ಮಡಿ ಆರತೊಡಗಿತು. ಉಳಿದರ್ಧವನ್ನು ಉಡಚವ್ವ ತುಟಿ ಕಚ್ಚಿಕೊಂಡು ಮೂಕಿಯಂತೆ ಊರಿ ಮುಗಿಸಿದಳು. ಇದನ್ನು ಯಾರೂ ನೋಡಲಿಲ್ಲ.

ಎಳ್ಳ ಅಮಾವಾಸ್ಯೆಯ ಬೆಳಗ್ಗೆ ಕೀಳಲು ಹೋದವಳು ಅಲ್ಲೇ ಕುಳಿತುಬಿಟ್ಟಳು. ಮುದಕಪ್ಪ ಬೈದ ಅರ್ಧ, ಗೋಡೆಯ ನೆರಳಿನಲ್ಲಿ, ಸುಣ್ಣ ಬಳಿದಂತೆ ಬಿಳಿಚಿತ್ತು. ಸುಮ್ಮನೆ ಊರಿದ ಅರ್ಧ, ದಿನವಿಡೀ ಬಿಸಿಲುಂಡು, ಹಿಂದೆಂದೂ ಕಾಣದಷ್ಟು ಕೆಂಪಾಗಿತ್ತು. ಆಕೆ ಗೋಡೆಯನ್ನು ನೋಡಿದಳು, ಬಿಸಿಲನ್ನು ನೋಡಿದಳು. ಆಮೇಲೆ ಕೆಂಪನ್ನಷ್ಟೇ ಕಿತ್ತು ಬುಟ್ಟಿ ತುಂಬಿದಳು. ಬಿಳಿಯದು ಎಮ್ಮೆಗೆ ಹೋಯಿತು.

ಹೊಲದಲ್ಲಿ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಿ ಎಲ್ಲರೂ ಊಟಕ್ಕೆ ಕುಳಿತರು. ಸುಮಿತ್ರವ್ವ ಸಜ್ಜೆ ರೊಟ್ಟಿಯ ಮೇಲಿನ ತಪ್ಪಲನ್ನು ಎತ್ತಿ, ಬುಡವನ್ನು ತಿರುತಿರುಗಿಸಿ ನೋಡಿದಳು.

“ಈ ವರ್ಷ ಬಾಯಿ ಬಂದ್ ಇತ್ತಂತಲ್ರಿ, ಬೀಗ್ತ್ಯಾರ. ಮತ್ತ ಇದು ಹೆಂಗ ಕೆಂಪಾತು?”

“ನಾ ಬೈದೇನ್ರಿ,” ಎಂದ ಮುದಕಪ್ಪ, ಮೀಸೆಯ ಮೇಲೆ ಕೈಯಾಡಿಸುತ್ತ. “ಒಂದ ವರ್ಷದಾಗ ಈಕಿನ್ನ ಮೀರಿಸೇನಿ ನೋಡ್ರಿ.”

ಉಡಚವ್ವನ ಬಾಯಲ್ಲಿ ತುತ್ತು ನಿಂತಿತು. ನೀವು ಬೈದದ್ದು ಎಮ್ಮೆಯ ಹೊಟ್ಟೆಯಲ್ಲಿದೆ ಎಂದು ಒಂದು ಮಾತು ಸಾಕಿತ್ತು, ಆ ಮೀಸೆ ಇಳಿಯಲು. ಆದರೆ ಆ ಮಾತಿನ ಬೆನ್ನಿಗೇ ಶಾಸ್ತ್ರವೇ ಸುಳ್ಳಾಗಿ ಕಂಬಳಿ, ಮಜ್ಜಿಗೆ, ಹೆಸರು ಎಲ್ಲವೂ ಎದುರಿಗೆ ಕುಳಿತ ಬೀಗತಿಯ ಉಡಿಗೆ ಬೀಳುತ್ತಿದ್ದವು. ಆಕೆ ತುತ್ತನ್ನು ನುಂಗಿದಳು.

“ಖರೆ ಐತ್ರಿ, ಅವರ ಬೈದ್ರು,” ಎಂದಳು. “ಕಲಿಸಿದಾಕಿ ನಾ.”

ಮರುವರ್ಷದಿಂದ ಊರವರು ಮುದಕಪ್ಪನನ್ನು ಕರೆಯತೊಡಗಿದರು. ತಪ್ಪಿದಲ್ಲಿ ತಿದ್ದಲು ಉಡಚವ್ವನಿಗೂ ಪಕ್ಕದಲ್ಲೇ ಕಂಬಳಿ ಬೀಳುತ್ತಿತ್ತು. ಗೋಡೆ ಬೈಗುಳ ನುಂಗುತ್ತದೆ ಎಂದು ಹೇಳಿ ಆಕೆ ತನ್ನ ಮಡಿಯನ್ನು ಬಿಸಿಲಿಗೆ ಸರಿಸಿದಳು. ಗಂಡ ಮಜ್ಜಿಗೆ ಕುಡಿಯುವ ಹೊತ್ತು ನೋಡಿ ಒಂದೇ ಒಂದು ಸಾಲನ್ನು ಸುಮ್ಮನೆ ಊರಿಬಿಡುತ್ತಿದ್ದಳು. ಆ ಸಾಲು ಎಂದೂ ಬಿಳಿಚಲಿಲ್ಲ. ಅದನ್ನು ಎಲ್ಲಕ್ಕಿಂತ ಮೊದಲು ಕಿತ್ತು, ಸಾಕ್ಷಿ ಉಳಿಯದಂತೆ ಬುಡ ಸಮೇತ ಸಣ್ಣಗೆ ಹೆಚ್ಚಿ, ಪಲ್ಯ ಮಾಡಿಬಿಡುತ್ತಿದ್ದಳು.