ಹಸಿದ ಪುಸ್ತಕ

ಹಳೆಯ ಫೋಟೊ, ಚೀಟಿ, ಬಟ್ಟೆಚೂರು, ಏನೇ ತಂದುಕೊಟ್ಟರೂ ಕಂಪ್ಯೂಟರಿನಲ್ಲಿ ಜೋಡಿಸಿ ಚೆಂದದ ಪುಸ್ತಕ ಮಾಡಿಕೊಡುವುದು ಜಲನಗರದಲ್ಲಿ ನನ್ನ ಕೆಲಸ. ಒಮ್ಮೆ ಸಾರವಾಡದ ಕಾಶಮ್ಮ ದಪ್ಪ ನೋಟುಬುಕ್ಕೊಂದನ್ನು ತಂದರು. ಮನೆಯ ಕೂಸುಗಳಿಗೆ ಹೊಲಿದ ಒಂದೊಂದು ಕೌದಿಯ ಬಟ್ಟೆಚೂರನ್ನೂ ಅದರಲ್ಲಿ ಅಂಟಿಸಿದ್ದರು. ಮೂವರು ಹೆಣ್ಣುಮಕ್ಕಳಿಗೂ ಅದೇ ಬೇಕಂತೆ. ಅದಕ್ಕೇ ಮೂರು ಪ್ರತಿ.

ನಾನು ಸ್ಕ್ಯಾನ್ ಮಾಡಿ, ಮಾಸಿದ ಬಣ್ಣ ತಿದ್ದಿ, ಅಂಚಿಗೆ ಹೊಲಿಗೆಯ ಗೆರೆ ಬರಿಸಿ ತೋರಿಸಿದೆ. ಕಾಶಮ್ಮ ಬಹಳ ಹೊತ್ತು ನೋಡಿದರು.

“ಚಲೋ ಆಗೇತಿ. ಆದ್ರ ಹಸದೈತಿ.”

ಕೌದಿ ಮುಗಿಸುವಾಗ ಕಡೆಯ ಮೂಲೆಯಲ್ಲಿ ರೊಟ್ಟಿಚೂರು ಇಟ್ಟು ಹೊಲಿಯಬೇಕಂತೆ. ಹಸಿದ ಕೌದಿ ಹೊದ್ದ ಕೂಸು ನಿದ್ದೆ ಮಾಡುವುದಿಲ್ಲವಂತೆ.

“ಇದು ಪುಸ್ತಕ ಐತ್ರಿ ಆಯಿ. ಯಾರೂ ಹೊಚ್ಕೊಳ್ಳಂಗಿಲ್ಲ,” ಎಂದೆ.

“ನನ್ನ ಕೌದಿ ಇದರಾಗ ಅದಾವಲ್ಲ.”

ವಾದ ಬೇಡವೆಂದು, ಅವರ ಬುತ್ತಿಯ ರೊಟ್ಟಿಯಿಂದಲೇ ಒಂದು ಚೂರು ಮುರಿದು ಸ್ಕ್ಯಾನ್ ಮಾಡಿ, ಕೊನೆಯ ಪುಟದ ಮೂಲೆಗೆ ಕೂಡಿಸಿದೆ. ನನ್ನ ಜಾಣತನಕ್ಕೆ ನಾನೇ ಹಿಗ್ಗಿದೆ.

“ಚಿತ್ರದಾಗಿನ ರೊಟ್ಟಿಲೆ ಯಾರ ಹೊಟ್ಟಿ ತುಂಬತೈತಿ, ತಂಗಿ?” ಎಂದರು ಕಾಶಮ್ಮ.

ಕೊನೆಗೆ ಮೂರೂ ಪುಸ್ತಕದ ಹಿಂದಿನ ರಟ್ಟಿಗೆ ಕಾಗದದ ಪುಟ್ಟ ಕಿಸೆ ಅಂಟಿಸಿಕೊಟ್ಟೆ. ಅವರು ಒಂದೊಂದರಲ್ಲೂ ರೊಟ್ಟಿಚೂರು ಇಟ್ಟು, ಉಳಿದ ರೊಟ್ಟಿಯನ್ನು ಶೇಂಗಾ ಚಟ್ನಿ ಹಚ್ಚಿ ನನ್ನ ಕೈಗಿತ್ತರು. “ನೀನೂ ಮುಂಜಾನಿಂದ ಏನೂ ತಿಂದಿಲ್ಲ.”

ಸ್ಕ್ಯಾನರಿನ ಗಾಜಿನಂಚಿನಲ್ಲಿ ಆ ರೊಟ್ಟಿಯ ಕಣವೊಂದು ಸಿಕ್ಕಿಕೊಂಡಿದೆ. ಯಾರ ಪುಟ ಹಾಕಿದರೂ ಮೂಲೆಯಲ್ಲಿ ಚುಕ್ಕೆ ಬೀಳುತ್ತದೆ. ಒರೆಸಲು ಎರಡು ನಿಮಿಷ ಸಾಕು, ಒರೆಸಿಲ್ಲ. ಕೇಳಿದವರಿಗೆ, ನಮ್ಮಲ್ಲಿಂದ ಯಾವ ಪುಸ್ತಕವೂ ಉಪವಾಸ ಹೋಗುವುದಿಲ್ಲ ಎನ್ನುತ್ತೇನೆ.