ಗೊತ್ತಿಲ್ಲ ಅಂದಾಕಿ

ನನಗೆ ಎರಡು ಹೆಸರು. ಒಂದನ್ನು ಮನೋಳಿಯಲ್ಲಿ ಅಪ್ಪ ಇಟ್ಟ, ಇನ್ನೊಂದನ್ನು ಬೈಲಹೊಂಗಲದಲ್ಲಿ ಗಂಡ ಇಟ್ಟ. ಮದುವೆಯ ದಿನ ತಾಟಿನಲ್ಲಿ ಅಕ್ಕಿ ಹರವಿ, ಉಂಗುರದಿಂದ ಅದರಲ್ಲಿ ನನ್ನ ಹೊಸ ಹೆಸರು ಬರೆದರು. ಮರುದಿನ ಅದೇ ಅಕ್ಕಿಯನ್ನು ಅನ್ನ ಮಾಡಿ ಉಂಡೆವು. ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಇದೇನು ಹೊಸದಲ್ಲ, ಸೀರೆ ಬದಲಿಸಿದಷ್ಟೇ ಸಲೀಸಾಗಿ ಹೆಸರೂ ಬದಲಾಗುತ್ತದೆ. ಅದಕ್ಕೆ ಕಾಗದಪತ್ರ ಯಾರು ಮಾಡುತ್ತಿದ್ದರು? ಊರೇ ಬಂದು ಉಂಡು ಹೋಗಿತ್ತಲ್ಲ.

ಹಳೆಯ ಹೆಸರು ಹಿಡಿದು ಕರೆಯಲು ಬೈಲಹೊಂಗಲದಲ್ಲಿ ಇದ್ದವಳು ಒಬ್ಬಳೇ. ಮನೋಳಿಯ ಸಾಲೆಯಲ್ಲಿ ನಾಲ್ಕನೆಯ ಇಯತ್ತೆಯ ತನಕ ನನ್ನ ಪಕ್ಕ ಕುಳಿತವಳು. ಮುಸಲ್ಮಾನರಲ್ಲಿ ಅರಳೆ ಹಿಂಜುವ ಪಿಂಜಾರರ ಮನೆತನ, ಮನೆಯೊಳಗೂ ಆಡುವುದು ಕನ್ನಡವೇ. ನನ್ನ ಮದುವೆಯ ಮರುವರ್ಷ ಅವಳನ್ನೂ ನಮ್ಮ ಓಣಿಗೇ ಕೊಟ್ಟರು. ಅವಳ ಗಂಡನದು ಗಾದಿ ಹೊಲಿಯುವ ಅಂಗಡಿ. ಊರಿಗೆ ಬಂದಾಕಿ ನೀರಿಗೆ ಬರದೇ ಇರ್ತಾಳೇನು? ಮೂರನೆಯ ದಿನ ನಳದ ಹತ್ತಿರ ಸಿಕ್ಕಳು. ಅಷ್ಟು ಹೆಂಗಸರ ನಡುವೆ ನನ್ನ ಹಳೆಯ ಹೆಸರು ಹಿಡಿದು ಒದರಿದಳು ನೋಡಿ, ನಾನು ಕೊಡ ಕೆಳಗಿಟ್ಟು ಅತ್ತುಬಿಟ್ಟೆ.

ಚೊಚ್ಚಲ ಹೆರಿಗೆಗೆ ಇಬ್ಬರೂ ಒಂದೇ ಬಸ್ಸಿನಲ್ಲಿ ಸವದತ್ತಿ ಹಾದು ತವರಿಗೆ ಹೋದೆವು. ನನ್ನ ಮಗ ಹುಟ್ಟಿದಾಗ ಸೂಲಗಿತ್ತಿಯ ಕೈಯಿಂದ ಅವನನ್ನು ಮೊದಲು ಎತ್ತಿಕೊಂಡವಳು ಅವಳು, ತಾನೇ ತುಂಬು ಬಸುರಿ. ಮಗ ಅವಳನ್ನು ಚಿಗವ್ವ ಎಂದೇ ಕರೆದು ಬೆಳೆದ. ನಮ್ಮಿಬ್ಬರ ಮನೆಗಳ ನಡುವೆ ಒಂದು ಸ್ಟೀಲಿನ ಡಬ್ಬಿ ಓಡಾಡುತ್ತಿತ್ತು. ನಾನು ಹೋಳಿಗೆ ಕಳಿಸಿದರೆ ಅವಳು ರಂಜಾನ್ ಹಬ್ಬದ ಶಾವಿಗೆ ಸುರಕುಂಬಾ ಕಳಿಸುವಳು. ಏನೂ ಇಲ್ಲದ ದಿನ ಒಂದು ಹಿಡಿ ಸಕ್ಕರೆಯಾದರೂ ಸರಿ. ಡಬ್ಬಿಯನ್ನು ಖಾಲಿ ಹೊರಳಿಸಬಾರದು.

ಇಷ್ಟೆಲ್ಲ ಇದ್ದೂ ನಾನು ಆ ಮಾತು ಆಡಿದೆ. ನನ್ನ ಬಾಯಿಗೆ ಬೆಂಕಿ ಹಾಕ!

ಮಗ ಕೆಟ್ಟವನಲ್ಲ. ಇವತ್ತಿಗೂ ನನ್ನ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಾನೆ. ತನ್ನ ಗೊಬ್ಬರದ ಅಂಗಡಿ ಕಳೆಗುಂದಿದ ಮೇಲೆ ಅವನು ಸಂಜೆಯ ಸಭೆಗಳಿಗೆ ಹೋಗತೊಡಗಿದ. ಕೊರಳಿಗೊಂದು ಶಾಲು ಬಂತು, ಹಿಂದೊಂದು ಹಿಂಡು ಬಂತು. ಬಾಯಿ ತೆರೆದರೆ ಹೊರಗಿನವರ ಮಾತು. ಗಡಿ ದಾಟಿ ಬರುತ್ತಾರೆ, ಕೆಲಸ ಕಸಿಯುತ್ತಾರೆ, ಬಾಂಬು ಇಡುತ್ತಾರೆ. ಸುಳ್ಳೇಕೆ ಹೇಳಲಿ, ನನಗೂ ಅದು ರುಚಿಸಿತ್ತು. ಊಟವಾದ ಮೇಲೆ ಫೋನಿನಲ್ಲಿ ಅವನು ತೋರಿಸಿದ್ದನ್ನೆಲ್ಲ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ಒಮ್ಮೆ ಕಿತ್ತೂರಿನ ಸಭೆಗೆ ಟೆಂಪೊದಲ್ಲಿ ಕರೆದುಕೊಂಡು ಹೋದ. ನಿಮ್ಮ ಮನೆ ಬಾಗಿಲಿಗೆ ಬಂದು ನಿಂತಿದ್ದಾರೆ ತಾಯಂದಿರೇ, ಎಂದ ಭಾಷಣದವನು. ಮನೆಗೆ ಬಂದವಳೇ ಹಿತ್ತಲ ಬಾಗಿಲಿಗೆ ಇನ್ನೊಂದು ಚಿಲಕ ಹಾಕಿಸಿದೆ. ಯಾರು ಬರುತ್ತಾರೆಂದು ಕೇಳಿದ್ದರೆ ನನಗೆ ಹೇಳಲು ಬರುತ್ತಿರಲಿಲ್ಲ.

ಬಂದವರು ನಾಲ್ಕು ಜನ, ನೆಲಕ್ಕೆ ಫರಸಿ ಕಲ್ಲು ಕೂಡಿಸುವ ಕೆಲಸಗಾರರು. ಬಂಗಾಳದವರು, ಮಾತಾಡುವುದು ಬಂಗಾಳಿ. ಗೆಳತಿಯ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದರು. ಒಂದು ಮಧ್ಯಾಹ್ನ ಮಗನ ಹಿಂಡು ಹೋಗಿ ಕಾಗದ ತೋರಿಸಿರಿ ಎಂದಿತು. ತೋರಿಸಿದರು. ಹುಡುಗರು ಖೊಟ್ಟಿ ಕಾಗದ ಎಂದರು. ಮರುದಿನ ಆ ನಾಲ್ವರೂ ಗಂಟು ಕಟ್ಟಿಕೊಂಡು ಊರು ಬಿಟ್ಟರು.

ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಇಟ್ಟುಕೊಂಡವರು ಯಾರು ಎಂಬ ಮಾತು ಎದ್ದಿತು. ಅರಳೆಯ ಚೀಲಗಳಲ್ಲಿ ಏನೋ ಬಚ್ಚಿಟ್ಟಿದ್ದಾರಂತೆ ಎಂದು ಯಾರೋ ಫೋನಿನಲ್ಲಿ ಬಿಟ್ಟರು. ಮೂರನೆಯ ದಿನ ಅದೇ ಹುಡುಗರು ಬಂದು ಚೀಲ ಹರಿದರು, ಹೊಲಿದಿಟ್ಟ ಗಾದಿಗಳನ್ನೂ ಹರಿದರು. ಸಿಕ್ಕಿದ್ದು ಅರಳೆ. ಓಣಿಯ ತುಂಬ ಅರಳೆ ಹಾರುತ್ತಿತ್ತು. ನಾನು ಕಟ್ಟೆಯ ಮೇಲೆ ನಿಂತಿದ್ದೆ. ಗೆಳತಿ ತನ್ನ ಬಾಗಿಲಲ್ಲಿ ನಿಂತಿದ್ದಳು, ತಲೆಯ ಮೇಲೆಲ್ಲ ಅರಳೆ. ಮಗ ಫೋನು ಎತ್ತಿ ಹಿಡಿದು ನನ್ನ ಕಡೆ ತಿರುಗಿದ.

"ಯವ್ವಾ, ಈ ಓಣ್ಯಾಗ ನೀನೇ ಹಳೇ ಮಂದಿ. ಇವರ ಮೂಲ ಎಲ್ಲೀದು? ನಿನಗ ಗೊತ್ತೈತೇನು?"

ಇಪ್ಪತ್ತು ಹುಡುಗರು ನನ್ನ ಬಾಯಿ ನೋಡುತ್ತಿದ್ದರು. ಗೊತ್ತು ಅಂದರೆ ಅವರೆದುರು ಮಗನ ಮುಖ ಏನಾದೀತು ಎಂದುಕೊಂಡೆ. ಅಷ್ಟೇ ಕಾರಣ. ಬೇರೆ ಯಾವ ಕಾರಣವೂ ಇಲ್ಲ.

"ನನಗ ಗೊತ್ತಿಲ್ಲಪ" ಎಂದೆ.

ಗೆಳತಿ ಒಳಗೆ ಹೋದಳು. ಆಮೇಲೆ ಅವರ ಅಂಗಡಿಗೆ ಒಬ್ಬರೂ ಕಾಲಿಡಲಿಲ್ಲ. ತಿಂಗಳೊಳಗೆ ಗಂಡ ಹೆಂಡತಿ ಮನೆಗೆ ಕೀಲಿ ಹಾಕಿ ರಾಮದುರ್ಗದ ಮಗಳ ಮನೆಗೆ ಹೋದರು. ಹೋಗುವ ದಿನ ನನ್ನ ಡಬ್ಬಿ ನಮ್ಮ ಕಟ್ಟೆಯ ಮೇಲಿತ್ತು. ಮುಚ್ಚಳ ತೆಗೆದೆ. ಒಂದು ಹಿಡಿ ಸಕ್ಕರೆ ಇತ್ತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ವರ್ಷ ಕಳೆಯುವುದರೊಳಗೆ ಮತದಾರರ ಪಟ್ಟಿಯ ತಪಾಸಣೆ ಬಂತು. ಹೊರಗಿನವರನ್ನು ಹೆಕ್ಕಿ ತೆಗೆಯಲಿಕ್ಕೆ ಎಂದು ಮಗ ಪೇಢೆ ಹಂಚಿದ. ನಾನೂ ತಿಂದೆ. ವಾರದಲ್ಲಿ ನನಗೇ ಕರೆ ಬಂತು. ಹಳೆಯ ಪಟ್ಟಿಯಲ್ಲಿ ನನ್ನ ಹೆಸರಿಲ್ಲ, ಅಪ್ಪನ ಹೆಸರಿದೆ, ಸಾಲೆಯ ದಾಖಲೆಯಲ್ಲಿ ಅವನ ಮಗಳ ಹೆಸರಿದೆ. ಆ ಮಗಳು ನಾನೇ ಎನ್ನುವುದಕ್ಕೆ ಏನೂ ಇಲ್ಲ. ಆಧಾರ ಕಾರ್ಡಿನಲ್ಲಿರುವುದು ಅಕ್ಕಿಯಲ್ಲಿ ಬರೆದ ಹೆಸರು. ಮಗ ಮೊದಲು ನಕ್ಕ, ನಾಲ್ಕು ಕಡೆ ಫೋನು ಹಚ್ಚಿದ, ಆಮೇಲೆ ನಗುವುದನ್ನು ಬಿಟ್ಟ. "ಕಡಕ್ ಮಾಡ್ರಿ ಅಂದವರು ನೀವೇ ಅಲ್ಲೇನ್ರಿ ಸಾಹೇಬ್ರ?" ಎಂದರಂತೆ ಅವರು. ತವರೂರಿನವರು ಯಾರಾದರೂ ಬಂದು ಎರಡೂ ಹೆಸರು ಇವಳದೇ ಎಂದು ಹೇಳಿಕೆ ಕೊಡಬೇಕಿತ್ತು. ಇಲ್ಲದಿದ್ದರೆ ಹೆಸರು ಹೊಡೆದು ಹಾಕುತ್ತಾರೆ. ಅರವತ್ತೆರಡರ ವಯಸ್ಸಿಗೆ ನಾನೇ ಹೊರಗಿನವಳು! ಅವ್ವ ಅಪ್ಪ ಇಲ್ಲ, ಅಣ್ಣಂದಿರು ಇಲ್ಲ, ಗಂಡನೂ ಇಲ್ಲ. ಉಳಿದವಳು ಒಬ್ಬಳೇ.

ಮಗನಿಗೆ ಹೇಳದೆ ರಾಮದುರ್ಗದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಏನು ಹೇಳಲಿ ಎಂದು ಮಾತು ಜೋಡಿಸಿದೆ, ಒಂದೂ ಸಾಲಲಿಲ್ಲ. ಅವಳು ಅಳಿಯನ ಪಡಸಾಲೆಯಲ್ಲಿ ದಿಂಬಿಗೆ ಅರಳೆ ತುಂಬುತ್ತಿದ್ದಳು. ತಲೆ ಎತ್ತಿ ನೋಡಿದಳು. ಹಳೆಯ ಹೆಸರು ಹಿಡಿದೇ "ಬಾ, ಕುಂಡ್ರು" ಎಂದು ನೀರು ಕೊಟ್ಟಳು. ಬಂದ ಕೆಲಸ ಹೇಳಿದೆ. ತುಂಬಿದ ದಿಂಬಿನ ಬಾಯಿ ಹೊಲಿದು ಮುಗಿಸಿದಳು.

"ಸೋಮವಾರ ಬರತೇನಿ. ಊಟಾ ಮಾಡಿ ಹೋಗು."

ಸೋಮವಾರ ಬಂದಳು. ಕಚೇರಿಯ ಗುಮಾಸ್ತ ಹರೆಯದವನು, ಮರ್ಯಾದಸ್ಥ. ಇಬ್ಬರನ್ನೂ ಬೆಂಚಿನ ಮೇಲೆ ಕೂಡಿಸಿದ.

"ಈ ಅಮ್ಮಾರು ನಿಮಗ ಗೊತ್ತೇನ್ರಿ?"

ಗೆಳತಿ ನನ್ನ ಮುಖ ನೋಡಿದಳು. ನನ್ನ ಮಾತನ್ನೇ ನನಗೆ ಹೊರಳಿಸಿ ಕೊಟ್ಟಿದ್ದರೆ ಯಾರು ಕೇಳುವವರಿದ್ದರು?

"ಗೊತ್ತು" ಎಂದಳು. "ಒಂದೇ ಸಾಲಿ, ಒಂದೇ ಹೊಳಿ. ಈಕಿ ಎಡಗಾಲ ಮೊಣಕಾಲಿಗೆ ಗಾಯದ ಕಲಿ ಐತಿ ನೋಡ್ರಿ. ಹೊಳಿ ಪಾವಟಿಗಿ ಮ್ಯಾಲಿಂದ ಬಿದ್ದಿದ್ಲು. ಕಾಲ ಜಾರಿ ಬಿದ್ನಿ ಅಂತ ಈಕಿ ತಿಳಕೊಂಡಾಳ. ದೂಡಿದಾಕಿ ನಾನು. ಇವತ್ತಿನತನಕ ಹೇಳಿಲ್ಲ."

ನನಗೆ ನಗು ಬಂತು, ಅಳುವೂ ಬಂತು. ಗುಮಾಸ್ತನೂ ನಕ್ಕ. ನಗುತ್ತಲೇ ಅವಳ ಕಾರ್ಡಿನ ನಂಬರು ಕಂಪ್ಯೂಟರಿನಲ್ಲಿ ಒತ್ತಿದ. ಆಮೇಲೆ ಅವನ ನಗು ನಿಂತಿತು.

"ಅಮ್ಮಾರ, ನಿಮ್ಮ ಹೆಸರಿನ ಮ್ಯಾಲೆ ತಕರಾರು ಅರ್ಜಿ ಐತ್ರಿ. ಹೊರಗಿನವರು ಅಂತ. ನೋಟೀಸು ನಿಮ್ಮ ಹಳೇ ಮನಿಗೆ ಹೋಗೇತಿ. ಅದು ಇತ್ಯರ್ಥ ಆಗೂತನಕ ನಿಮ್ಮ ಹೇಳಿಕಿ ನಡಿಯಂಗಿಲ್ರಿ."

ನಾನು ಎದ್ದು ನಿಂತೆ. "ನಾ ಹೇಳತೇನಿ ಬರಕೊಳ್ರಿ! ಈಕಿ ಮನೋಳಿಯಾಕಿ. ಈಕಿ ಅಪ್ಪ, ಅಜ್ಜ ಎಲ್ಲಾರೂ ಅಲ್ಲೇ ಹುಟ್ಟಿ ಅಲ್ಲೇ ಮಣ್ಣಾಗ್ಯಾರ. ಎಲ್ಲಿ ಬೇಕಾದಲ್ಲಿ ಹೆಬ್ಬಟ್ಟು ಒತ್ತತೇನಿ!"

"ನೀವು ಯಾರಂತನೇ ಇನ್ನೂ ಪಕ್ಕಾ ಆಗಿಲ್ಲಲ್ರಿ" ಎಂದ ಮೆಲ್ಲಗೆ. "ಮತ್ತ ಆ ಅರ್ಜಿಗೆ ಪುರಾವೆ ಅಂತ ಕೊಟ್ಟದ್ದು ನಿಮ್ಮದೇ ವಿಡಿಯೊ ಐತ್ರಿ." ಪರದೆಯನ್ನು ನಮ್ಮ ಕಡೆ ತಿರುಗಿಸಿದ. ಕಟ್ಟೆಯ ಮೇಲೆ ನಾನು. ಹಿಂದೆ ಹಾರುವ ಅರಳೆ. ನನಗ ಗೊತ್ತಿಲ್ಲಪ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅನ್ನುತ್ತಾರೆ. ನನ್ನ ಮಾತು ಎಲ್ಲಿಗೂ ಹೋಗಿರಲಿಲ್ಲ.

ಇಬ್ಬರೂ ಬಸ್ ನಿಲ್ದಾಣಕ್ಕೆ ನಡೆದು ಬಂದೆವು. ರಾಮದುರ್ಗದ ಬಸ್ಸು ನಿಂತಿತ್ತು. ನಾನು ಅವಳ ಕೈ ಹಿಡಿದುಕೊಂಡು ತಪ್ಪಾತು, ತಪ್ಪಾತು ಎಂದು ಜನರೆದುರೇ ಅತ್ತೆ.

"ನೀ ಅತ್ತರ ಆ ಅರ್ಜಿ ಹರೀತೈತೇನು?" ಎಂದಳು. ಸಿಟ್ಟಿರಲಿಲ್ಲ, ದಣಿದಿದ್ದಳು. "ಕೊಟ್ಟಾಂವನ ಕೇಳು, ಹಿಂದ ತಗೋತಾನೇನು." ಕೈ ಬಿಡಿಸಿಕೊಂಡು ಬಸ್ಸು ಹತ್ತಿದಳು.

ಕೊಟ್ಟವನು ಯಾರೆಂದು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮಗ ಅಂಗಡಿಯಿಂದ ಬಂದು ಉಣ್ಣಲು ಕುಳಿತಿದ್ದ. ನಿಂತೇ ಎಲ್ಲ ಹೇಳಿದೆ. ಒಂದು ಸಹಿ ಸಾಕು ಯಪ್ಪಾ, ಅರ್ಜಿ ಹಿಂದೆ ತಗೋ, ಆಕಿ ಹೆಸರೂ ಉಳಿತೈತಿ, ನಂದೂ ಉಳಿತೈತಿ ಎಂದೆ. ಅವನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ.

"ನಿಂದು ಬ್ಯಾರೆ ದಾರೀಲೆ ಮಾಡಸ್ತೇನಿ ಬಿಡು. ಅರ್ಜಿ ಹಿಂದ ತಗೊಂಡ್ರ ಹುಡುಗರ ಮುಂದ ನನ್ನ ಮುಖ ಏನಕ್ಕೈತಿ, ಯವ್ವಾ?"

ಕಟ್ಟೆಯ ಮೇಲೆ ನಾನೂ ಇದನ್ನೇ ಲೆಕ್ಕ ಹಾಕಿದ್ದೆ. ಎಲ್ಲಿಂದ ಕಲಿತ ಎಂದು ಯಾರನ್ನು ಬೈಯಲಿ?

"ಬ್ಯಾರೆ ದಾರಿ ಇಲ್ಲಪ" ಎಂದೆ. "ನಿನ್ನ ಹಡದಾಕಿ ನಾನೇ ಅಂತ ಹೇಳಾಕೂ ಈಗ ಆಕಿ ಒಬ್ಬಾಕೀನೇ ಉಳದಾಳ."

ಅವನು ತಲೆ ಎತ್ತಲಿಲ್ಲ. ತಾಟಿನ ಪಕ್ಕದಲ್ಲಿದ್ದ ಫೋನು ಎತ್ತಿಕೊಂಡು, ಎಡಗೈಯಿಂದ ಒತ್ತುತ್ತ, ನನ್ನೊಬ್ಬಳಿಗೆ ಬೇರೆ ದಾರಿ ಹುಡುಕತೊಡಗಿದ.